ಗರಗಸದ ಪಾಲು

ನಾಲ್ಕನೆಯ ಸೀಳು ಮುಕ್ಕಾಲು ದೂರ ಬಂದಿತ್ತು. ಟೇಪಣ್ಣ ದಿಮ್ಮಿಯ ಮೇಲೆ ಬಾಗಿ ಚೈನ್‌ಸಾವನ್ನು ಬೆರಳಗಲ, ಬೆರಳಗಲ ಮುಂದಕ್ಕೆ ತಳ್ಳುತ್ತಿದ್ದ. ಗರಗಸದ ಅಲಗಿಗೆ ಬಿಗಿದ ಕಬ್ಬಿಣದ ಚೌಕಟ್ಟು ದಿಮ್ಮಿಯ ಮೇಲೆ ಜಾರುತ್ತ, ಪ್ರತಿ ಹಲಗೆಯೂ ಎರಡಿಂಚು ದಪ್ಪ ಇರುವಂತೆ ನೋಡಿಕೊಳ್ಳುತ್ತಿತ್ತು. ಸೀಳಿದ ಹಲಗೆ ಕೂತು ಸರಪಳಿಯನ್ನು ಕಚ್ಚದಿರಲೆಂದು ಹಿಂದೆ ಬೆಣೆ ಹೊಡೆದಿದ್ದ. ಹೊಟ್ಟು ಮೀಸೆಯವರೆಗೂ ಹತ್ತಿತ್ತು.

ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವನು. ಉಣ್ಣುವಾಗಲೂ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿದ್ದುದರಿಂದ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಇವತ್ತು ಮಾತ್ರ ಅವನ ಷಡ್ಡಕ ಟೇಪನ್ನು ಬಲವಂತವಾಗಿ ಜೇಬಿಗೆ ಹಾಕಿಸಿದ್ದ. ಸರಪಳಿಗೆ ಟೇಪು ಸಿಕ್ಕರೆ ಕುತ್ತಿಗೆಯೂ ಜೊತೆಗೇ ಹೋಗುತ್ತದೆ ಎಂದು ಅವನ ವಾದ. ಗರಗಸ ಷಡ್ಡಕನದೇ, ಮರ ಕಡಿಯುವುದೇ ಅವನ ಕಸುಬು. ಸೊಂಟ ಹಿಡಿದುಕೊಂಡಿದ್ದರಿಂದ ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬುದ್ಧಿ ಹೇಳುವ ಕೆಲಸವನ್ನಷ್ಟೇ ಇಟ್ಟುಕೊಂಡಿದ್ದ.

ಹಿತ್ತಲ ಮಾವು ಗಾಳಿಗೆ ಬಿದ್ದು ವರ್ಷವಾಗಿತ್ತು. ಟೇಪಣ್ಣನ ಅಂಗಡಿಯಿದ್ದ ಕಟ್ಟಡವನ್ನು ಕೆಡವಿದ್ದೂ ಆಗಲೇ. ಹದಿನೈದು ವರ್ಷ ಅವನ ಪಕ್ಕದಲ್ಲೇ ಹೊಲಿದ ಮಗಳು ಈಗ ಮೂರು ತಿಂಗಳಿಂದ ಸ್ವಂತ ಅಂಗಡಿ ನಡೆಸುತ್ತಿದ್ದಳು. ಬಟ್ಟೆ ಕತ್ತರಿಸಲು ಅವಳಿಗೊಂದು ಗಟ್ಟಿ ಮೇಜು ಬೇಕಿತ್ತು. ತಾನೇ ಮಾಡಿಕೊಡುತ್ತೇನೆ ಎಂದು ಅವನು ಮುಂದೆ ಬಿದ್ದ. ಹಲಗೆ ಒಣಗಲು ಎರಡು ವರ್ಷ ಬೇಕು ಎಂದಾಗಲೂ ಅವಳು ಬೇಡ ಅನ್ನಲಿಲ್ಲ. ಅಲ್ಲಿಯವರೆಗೆ ಪ್ಲೈವುಡ್ಡಿನಲ್ಲಿ ದೂಡುತ್ತೇನೆ ಎಂದಿದ್ದಳು.

ದಿಮ್ಮಿಯನ್ನು ಹತ್ತಿಂಚಿನ ಚೌಕಕ್ಕೆ ತಂದಾಗಿತ್ತು. ಎರಡಿಂಚಿನಂತೆ ಐದು ಹಲಗೆ. ಅಕ್ಕಪಕ್ಕ ಜೋಡಿಸಿದರೆ ಐವತ್ತಿಂಚು ಅಗಲ. ಅಷ್ಟು ಅಗಲದ ಮೇಜಿನ ಎರಡೂ ಕಡೆ ನಿಂತು ಇಬ್ಬರು ಕತ್ತರಿ ಆಡಿಸಬಹುದು. ಈ ಮಾತನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. ಅಂಗಡಿಗೆ ಬಾ ಎಂದು ಮಗಳು ಕರೆದಿರಲಿಲ್ಲ. ಮೇಜು ಹೋಗಿ ನಿಂತರೆ ಅದರ ಹಿಂದೆಯೇ ತನಗೂ ಒಂದು ಜಾಗವಾದೀತು ಎಂದು ಅವನಿಗೆ ತುಂಬ ಆಸೆಯಿತ್ತು. ಮನೆಯಲ್ಲಿ ನೊಣ ಹೊಡೆದು ಹೊಡೆದು ಸಾಕಾಗಿತ್ತು.

ಸೀಳು ಮುಗಿಯಿತು. ಗರಗಸ ಆರಿಸಿ ನಾಲ್ಕನೆಯ ಹಲಗೆಯನ್ನು ಎತ್ತಿ ಇಳಿಸಿದ. ಕೆಳಗೆ ಉಳಿದಿದ್ದ ಐದನೆಯದು ಹಲಗೆಯಂತಿರಲೇ ಇಲ್ಲ. ಟೇಪು ಹಿಡಿದು ನೋಡಿದರೆ ಬರೀ ಅರ್ಧ ಇಂಚು. ಮತ್ತೊಮ್ಮೆ ಹಿಡಿದ, ಅಷ್ಟೇ.

"ಒಂದೂವರೆ ಇಂಚು ಎಲ್ಲಿ ಹೋಯ್ತು?" ಎಂದು ಕೇಳಿದ.

ಷಡ್ಡಕ ಅವನ ಕಾಲ ಬುಡದ ಹೊಟ್ಟಿನ ರಾಶಿ ತೋರಿಸಿದ. "ಅಲ್ಲಿದೆ. ಒಂದೊಂದು ಸೀಳಿಗೂ ಸರಪಳಿ ತನ್ನ ದಪ್ಪದಷ್ಟು ಮರ ತಿನ್ನುತ್ತಪ್ಪ. ಗರಗಸದ ಪಾಲು ತೆಗೆದಿಟ್ಟಿದೀಯಾ ಅಂತ ಬೆಳಿಗ್ಗೆನೇ ಕೇಳಿದ್ನಲ್ಲ? ಆಮೇಲೆ ನೋಡೋಣ ಅಂದೆ."

ಟೇಪಣ್ಣ ಹೊಟ್ಟಿನ ರಾಶಿಯನ್ನು ಕಾಲಿನಿಂದ ಕೆದಕಿದ. "ನಾನು, ಗರಗಸ ಕೊಟ್ಟಿದ್ದಕ್ಕೆ ನೀನೊಂದು ಹಲಗೆ ಕೇಳ್ತಿದೀಯ ಅನ್ಕೊಂಡೆ" ಎಂದ. ಸಂಬಂಧಿಕರಲ್ಲೂ ಪಾಲು ಕೇಳುತ್ತಾನಲ್ಲ ಎಂದು ಬೆಳಿಗ್ಗೆಯಿಂದ ಒಳಗೊಳಗೇ ಉರಿದುಕೊಂಡಿದ್ದನ್ನು ಹೇಳಲಿಲ್ಲ. ಷಡ್ಡಕ ಸೊಂಟ ಒತ್ತಿ ಹಿಡಿದುಕೊಂಡು ನಕ್ಕ. ನಗಿಸಿ ಕೊಲ್ಲಬೇಡ ಎಂದು ಬೇಡಿಕೊಂಡ. ಟೇಪಣ್ಣನಿಗೆ ನಗು ಬರಲಿಲ್ಲ. ಕತ್ತರಿ ಯಾವತ್ತೂ ಬಟ್ಟೆ ತಿಂದಿರಲಿಲ್ಲ. ಎರಡು ತುಂಡು ಮಾಡಿದರೆ ಎರಡೂ ಸೇರಿ ಮೊದಲಿನಷ್ಟೇ ಇರುತ್ತಿತ್ತು.

ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿಕೊಂಡು ಮಗಳು ಬಂದಳು. ಚಿಕ್ಕಪ್ಪನ ಬಾಯಿಂದ ಪಾಲಿನ ಕಥೆ ಕೇಳಿ ನಕ್ಕಳು. ಆಮೇಲೆ ಹಲಗೆಗಳ ಮೇಲೆ ಗೇಣು ಹಾಕಿದಳು.

"ನಾಲ್ಕು ಸೇರಿ ನಲವತ್ತಿಂಚು. ಧಾರಾಳ ಆಯ್ತಲ್ಲ ಅಪ್ಪ. ಐದನೇದು ಯಾಕೆ ಬೇಕಿತ್ತು?"

ಷಡ್ಡಕ ಕುರ್ಚಿಯಿಂದ ನಿಧಾನವಾಗಿ ಎದ್ದು, ನೀರು ಕುಡಿಯಬೇಕೆಂದು ಒಳಗೆ ಹೋದ.

"ಎದುರುಗಡೆ ಇನ್ನೊಬ್ರು ನಿಂತು ಕತ್ತರಿಸಬಹುದು ಅಂತ" ಎಂದ ಟೇಪಣ್ಣ.

ಇನ್ನೊಬ್ಬರು ಯಾರು ಎಂದು ಅವಳು ಕೇಳಲಿಲ್ಲ. ಹಲಗೆಯ ಮೇಲಿನ ಹೊಟ್ಟನ್ನು ಅಂಗೈಯಿಂದ ಒಂದು ಕಡೆಗೆ ಸರಿಸಿದಳು.

"ನೀನು ಎದುರಿಗೆ ನಿಂತಿದ್ರೆ, ನಾನು ಅಳತೆ ತಗೊಂಡ್ರೂ ಜನ ನಿನ್ನ ಮುಖ ನೋಡ್ತಾರೆ. ಹದಿನೈದು ವರ್ಷ ಅದನ್ನೇ ನೋಡಿದೀನಿ. ಅಲ್ಲಿ ನಾನೊಬ್ಳೇ ಇರ್ತೀನಿ ಅಪ್ಪ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನೂ ಸಿಟ್ಟು ಮಾಡಬಹುದಿತ್ತು. ಅವನಿಗೆ ನೋವಾಯಿತು. ಅವಳು ಹೇಳಿದ್ದು ನಿಜ ಎಂದೂ ಗೊತ್ತಿತ್ತು. ಜನರಷ್ಟೇ ಅಲ್ಲ. ಅವಳು ಅಳತೆ ತೆಗೆದ ಮೇಲೆ ತಾನೂ ಒಮ್ಮೆ ತೆಗೆದು ನೋಡುವುದು ಅವನ ಅಭ್ಯಾಸವಾಗಿತ್ತು. ಒಂದು ದಿನವೂ ತಪ್ಪು ಸಿಕ್ಕಿರಲಿಲ್ಲ, ಒಂದು ದಿನವೂ ನೋಡುವುದನ್ನು ಬಿಟ್ಟಿರಲಿಲ್ಲ.

"ನಲವತ್ತೇ ಆಗ್ಲಿ ಬಿಡು" ಎಂದ.

ಅವಳು ಹೊರಟುಹೋಗುತ್ತಾಳೆ ಎಂದುಕೊಂಡಿದ್ದ. ಅವಳು ಕುರ್ತಾದ ತೋಳು ಮೇಲಕ್ಕೆ ಮಡಚಿ ಹಲಗೆಯ ಒಂದು ತುದಿಗೆ ಬಂದು ನಿಂತಳು. ಇಬ್ಬರೂ ಸೇರಿ ಒಂದೊಂದನ್ನೇ ಹೊತ್ತು ಗೋಡೆ ಪಕ್ಕದ ತಗಡಿನ ಮಾಡಿನ ಕೆಳಗೆ ಪೇರಿಸತೊಡಗಿದರು. ಹಸಿ ಹಲಗೆಗಳು ಒಂದಕ್ಕೊಂದು ತಾಗಬಾರದು, ತಾಗಿದರೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ನಡುನಡುವೆ ಎರಡಿಂಚು ದಪ್ಪದ ಒಣಕಡ್ಡಿಗಳನ್ನು ಅಡ್ಡ ಇಡಬೇಕು. ಅವನು ಈ ಕಡೆಯಿಂದ ಕಡ್ಡಿ ಕೊಡುತ್ತ ಹೋದ, ಅವಳು ಆ ಕಡೆಯಿಂದ ಕಣ್ಣಂದಾಜಿನಲ್ಲಿ ಇಡುತ್ತ ಹೋದಳು. ಅಂತರ ಸರಿಯಿದೆಯೇ ಎಂದು ಅವನು ಕೇಳಲಿಲ್ಲ.

ನಾಲ್ಕನೆಯದನ್ನು ಇಟ್ಟಾದ ಮೇಲೆ, ಗಾಳಿ ಆಡುತ್ತದೆಯೇ ನೋಡಲು ಅವಳು ಸಂದಿಯಲ್ಲಿ ಕೈ ತೂರಿಸಿದಳು. ಹಲಗೆಗಳ ನಡುವಿನಿಂದ ಅವಳ ನಾಲ್ಕು ಬೆರಳ ತುದಿಗಳು ಈ ಕಡೆ ಹೊರಬಂದು, ಒಂದು ಕ್ಷಣ ಅಲ್ಲಾಡಿ, ಮತ್ತೆ ಒಳಗೆ ಹೋದವು.