ಸೂತಕದ ಭಾನುವಾರ

ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷವಿರುವಾಗ ನೀಲಾ, ಬೆಳಿಗ್ಗೆ ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ಬುಟ್ಟಿಗೆ ತುಂಬಿಕೊಂಡು ಹಿತ್ತಲಿಗೆ ಹೋದಳು.

ಒಳಗೆ ಕೂರಲು ಆಗುತ್ತಿರಲಿಲ್ಲ. ಹುಲೇಕಲ್ಲಿನಲ್ಲಿ ಗಂಡನ ದೊಡ್ಡಪ್ಪ ತೀರಿಕೊಂಡು ಇಂದಿಗೆ ಏಳು ದಿನ. ಇಸಳೂರಿನ ಈ ಹೊಸ ಮನೆಗೂ ಹತ್ತು ದಿನದ ಸೂತಕ. ದೇವರ ಗೂಡಿನಲ್ಲಿ ದೀಪವಿಲ್ಲ. ಟೀವಿಯ ಮೇಲೆ ಅತ್ತೆಯೇ ಮೊದಲ ದಿನ ಹಳೆಯ ಪಂಚೆಯೊಂದನ್ನು ಹೊದಿಸಿದ್ದರು. ಅತ್ತೆ ಗದ್ದಲ ಮಾಡುವವರಲ್ಲ. ಆದರೆ ರೂಢಿಯ ವಿಷಯದಲ್ಲಿ ಅವರ ಮಾತು ಒಂದೇ ಸಲ ಬರುತ್ತಿತ್ತು. ಎರಡನೆಯ ಸಲ ಯಾರೂ ಕೇಳುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಮಗಳು ಮೇಧಾ ಪೇಪರು ಹಿಡಿದುಕೊಂಡು ಅಡುಗೆಮನೆಗೆ ಓಡಿಬಂದಿದ್ದಳು.

"ಆಯಿ, ಮಾವನ ಬ್ಯಾಂಡಿಗೆ ಮುಂಬೈಲಿ ದೊಡ್ಡ ಗೌರವ ಅಡ! ದೊಡ್ಡ ದೊಡ್ಡ ಕಲಾವಿದರೆಲ್ಲ ಸೇರಿ ಇವರ ಹಾಡನ್ನೇ ಹಾಡ್ತ್ವಡ, ಟೀವಿಲಿ ತೋರಿಸ್ತ್ವಡ. ಹಳೇ ಫಿಲ್ಮೂ ಇದ್ದಡ. ಅದ್ರಲ್ಲಿ ಮಾವನ ದನಿ ಕೇಳ್ತಡ!"

ಮಾವನೆಂದರೆ ನೀಲಾಳ ತಮ್ಮ ನಂದನ. ಮುಂಬೈಗೆ ಓದಲು ಹೋದವನು ಮೂವರು ಗೆಳೆಯರ ಜೊತೆ ಸೇರಿ ರಾಕ್ ಬ್ಯಾಂಡ್ ಕಟ್ಟಿದ. ಊರಿನ ನೆನಪಿಗೆ 'ಬ್ಲ್ಯಾಕ್ ಪೆಪ್ಪರ್' ಎಂದು ಹೆಸರಿಟ್ಟವನೂ ಅವನೇ. ಹದಿನೈದು ವರ್ಷ ದೇಶವೆಲ್ಲ ಅವರ ಹಾಡಿಗೆ ಕುಣಿಯಿತು. ಶಿರಸಿಯ ಕಾಲೇಜು ಹುಡುಗರ ಅಂಗಿಯ ಮೇಲೂ ಆ ಹೆಸರು ಬಂತು. ನಂದನ ಡ್ರಮ್ ಬಾರಿಸುವವನು. ಕ್ಯಾಸೆಟ್ಟಿನಲ್ಲಿ ಅವನ ಕೈ ಕೇಳುತ್ತಿತ್ತು, ದನಿ ಕೇಳುತ್ತಿರಲಿಲ್ಲ.

ಆರು ವರ್ಷದ ಹಿಂದೆ ಕಾಮಾಲೆಯಾಗಿ ಅಲ್ಲಿಯೇ ತೀರಿಕೊಂಡ. ಕೊಟ್ಟ ಹೆಣ್ಣಿಗೆ ತವರಿನ ಸೂತಕ ಮೂರೇ ದಿನ. ನಾಲ್ಕನೆಯ ದಿನ ನೀಲಾ ತಲೆಗೆ ಮಿಂದು ಎಲ್ಲರಿಗೂ ದೋಸೆ ಎರೆದಿದ್ದಳು. ಮುಖ ನೋಡಲು ಫೋಟೋಗಳಿದ್ದವು. ದನಿ ಮಾತ್ರ ಸವೆಯುತ್ತ ಬಂತು. ಅವನು 'ಅಕ್ಕಾ' ಎನ್ನುತ್ತಿದ್ದುದು ಹೇಗೆಂದು ನೆನೆದರೆ ಈಚೆಗೆ ಯಾರಯಾರದೋ ದನಿ ಕಿವಿಗೆ ಬರುತ್ತಿತ್ತು.

ಆ ಕಾರ್ಯಕ್ರಮ ಟೀವಿಯಲ್ಲಿ ಬರುವುದು ಇಂದೇ, ನಾಲ್ಕು ಗಂಟೆಗೆ. ಬೆಳಿಗ್ಗೆ ಮೇಧಾ ಅಜ್ಜಿಯನ್ನು ಕೇಳಿಯೂ ನೋಡಿದ್ದಳು. "ಒಂದೇ ತಾಸು ಟೀವಿ ಹಾಕ್ಲಾ?"

"ಸೂತಕ ಕಳೀಲೇ ತಂಗಿ. ಟೀವಿ ಎಲ್ಲೂ ಓಡಿಹೋಗ್ತಿಲ್ಲೆ."

"ಟೀವಿ ಹೋಗ್ತಿಲ್ಲೆ. ಮಾವ ಹೋಗ್ತ!"

ನೀಲಾ ಕಣ್ಣಲ್ಲೇ ಮಗಳನ್ನು ಸುಮ್ಮನಾಗಿಸಿದ್ದಳು. ಹುಡುಗಿ ಮುಖ ಊದಿಸಿಕೊಂಡು ಅಪ್ಪನ ಬೈಕು ಹತ್ತಿ ಹುಲೇಕಲ್ಲಿಗೆ ಹೋದಳು.

ಹಿತ್ತಲಲ್ಲಿ ನಲ್ಲಿಯ ನೀರು ಬ್ಯಾರಲ್ಲಿಗೆ ಧೋ ಎಂದು ಬೀಳುತ್ತಿತ್ತು. ಎರಡು ದಿನಕ್ಕೊಮ್ಮೆ ಬರುವ ನೀರು, ಅದೂ ಮುಕ್ಕಾಲು ತಾಸು. ನೀಲಾ ಬೂದಿ ಮುಟ್ಟಿದಳೋ ಇಲ್ಲವೋ, ದಾಸವಾಳದ ಬೇಲಿಯಾಚೆಯಿಂದ ಪಕ್ಕದ ಮನೆಯ ಮಮತಾ ಕೂಗಿದಳು.

"ನೀಲಕ್ಕಾ! ನಮ್ಮನೆ ಟೀವಿ ಗುಂಡಿ ಕೆಟ್ಟೋಗದೆ. ಸೌಂಡು ಇಳಿಯೋದೇ ಇಲ್ಲ ಅಂತದೆ. ಆಮೇಲೆ ನನ್ನ ಬೈಬೇಡಿ!"

ನೀಲಾ ತಲೆಯೆತ್ತಿದಳು. ಮಮತಾ ಟೀವಿಯನ್ನು ಕಿಟಕಿಯವರೆಗೂ ಎಳೆದು ತಂದಿದ್ದಳು. ಅದರ ಬೆನ್ನು ಸರಳಿಗೆ ತಾಗಿತ್ತು. ಸಾವಿರಾರು ಜನರ ಚಪ್ಪಾಳೆ ಬೇಲಿ ದಾಟಿ ಬಂತು. ಒಂದಾದ ಮೇಲೊಂದು ಹಾಡು. ನೀಲಾ ಅದೇ ಬೋಗುಣಿಯನ್ನು ತಿಕ್ಕುತ್ತಲೇ ಇದ್ದಳು.

"ಎಂತದೇ ಅದು ಗಲಾಟೆ?"

ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಮಮತನ ಮನೆ ಟೀವಿ, ಅತ್ತೆ. ಗುಂಡಿ ಕೆಟ್ಟೋಜಡ."

ಅತ್ತೆ ಕಿಟಕಿಯನ್ನು ನೋಡಿದರು, ಬುಟ್ಟಿಯನ್ನು ನೋಡಿದರು. "ಇದು ಬೆಳಗಾ ತೊಳೆದ ಪಾತ್ರೆ ಅಲ್ದಾ?"

ನೀಲಾ ಬೋಗುಣಿಗೆ ಮತ್ತೆ ಬೂದಿ ಹಚ್ಚಿದಳು.

"ಬಂದ್ರು ನೀಲಕ್ಕಾ! ನಿಮ್ಮ ತಮ್ಮ!" ಮಮತಾಳ ದನಿ ಒಡೆಯಿತು. "ಕೈಯಲ್ಲಿ ಕೋಲು ತಿರುಗಿಸ್ತಾ ನಗ್ತಾ ಅವ್ರೆ! ಈಗ ಏನೋ ಹೇಳ್ತಾರೆ!"

ನೀಲಾ ಬೇಲಿಯತ್ತ ಕಿವಿಗೊಟ್ಟಳು. ನೀರಿನ ಸದ್ದೊಂದೇ ಕೇಳುತ್ತಿತ್ತು. ಕೈಯಳತೆಯಲ್ಲೇ ನಲ್ಲಿಯಿತ್ತು. ಅರ್ಧವೂ ತುಂಬದ ಬ್ಯಾರಲ್ಲು, ಬೆನ್ನ ಹಿಂದೆ ಅತ್ತೆ. ಬೂದಿ ಮೆತ್ತಿದ ಕೈ ಏಳಲಿಲ್ಲ.

ಅವಳ ಹೆಗಲ ಪಕ್ಕದಿಂದ ಬಳೆಯಿಲ್ಲದ ಒಂದು ಕೈ ಮುಂದೆ ಬಂತು. ಅತ್ತೆ ಬಗ್ಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದರು.

ಹಿತ್ತಲೆಲ್ಲ ಒಮ್ಮೆಲೇ ಮೌನವಾಯಿತು. ಹಳೆಯ ಫಿಲ್ಮಿನ ಕಿರ್‍ರೆಂಬ ಸದ್ದು. ಯಾರೋ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಒಂದು ನಗು. ಆಮೇಲೆ ಸ್ವಲ್ಪ ಒರಟಾದ, ಮೂಗಿನಲ್ಲಿ ಸಣ್ಣಗೆ ನಗು ಇಟ್ಟುಕೊಂಡ ದನಿ:

"ಒಂದು. ಎರಡು. ಮೂರು. ನಾಕು."

ಅವನ ಆ ನಾಕಿನ ಮೇಲೆಯೇ ವೇದಿಕೆಯ ಕಲಾವಿದರೆಲ್ಲ ಒಟ್ಟಿಗೆ ಶುರುಮಾಡಿದರು. ಮಮತಾಳ ಕಿಟಕಿಯ ಗಾಜು ಅದುರಿತು.

"ಅಷ್ಟೇಯಾ?" ಅತ್ತೆ ಕೇಳಿದರು.

"ಅಷ್ಟೇ, ಅತ್ತೆ."

ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಕೂತರು. "ನಿನ್ನ ಮದುವೆ ದಿನ ಹಿತ್ತಲಲ್ಲಿ ಹಂಡೆ ಕವುಚಿ ಹಾಕಿ ಬಡೀತಿದ್ದ ಮಾಣಿ ಇವನೇ ಅಲ್ದಾ? ಹಿಂಗೇ ಎಣಿಸ್ತಿದ್ದ." ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ, "ಆನು ಗದರಿಸಿ ಎಬ್ಬಿಸಿದ್ದೆ," ಎಂದರು.

ಹಾಡು ಮುಗಿಯುವವರೆಗೂ ಇಬ್ಬರೂ ಏಳಲಿಲ್ಲ. ನೀಲಾಳ ಕೈಯ ಬೂದಿ ಒಣಗಿ ಬಿಳಿಚಿತು. ನಲ್ಲಿಯ ಬಾಯಲ್ಲಿ ಒಂದು ಹನಿ ದುಂಡಗಾಗುತ್ತ, ಬೀಳದೆ ನಿಂತಿತ್ತು.