ಒಂಬತ್ತನೇ ತರಗತಿಯ ಮಾಟಗಾತಿ

ಕೋಡಂಬಾಕ್ಕಂನ ಶಿವರಂಜನಿಗೂ ಅಮೆರಿಕದ ಹಳೆಯ ಚರಿತ್ರೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ರಬ್ಬರ್ ಬುಷ್ ಎಂದೇ ಹೇಳಬೇಕು. ಅವಳ ಅಪ್ಪ ಪರಮೇಶ್ವರಪ್ಪ ದಾವಣಗೆರೆ ಕಡೆಯವರು. ಕಾರಿನ ಅಡಿಗೆ ಹಾಕುವ ರಬ್ಬರ್ ಬುಷ್ ಮಾಡಿಸಿ ಮಾರುವುದು ಅವರ ವ್ಯಾಪಾರ. ತಾಂಬರಂ ಆಚೆ ಅಮೆರಿಕದವರ ಕಾರು ಕಾರ್ಖಾನೆ ಬಂದದ್ದೇ ತಡ, ಅದರ ಬೆನ್ನಿಗೇ ಅಮೆರಿಕದ ಸಿಲಬಸ್ಸಿನ ಒಂದು ಹೈಸ್ಕೂಲೂ ತಲೆ ಎತ್ತಿತು. ದೊಡ್ಡ ಸಾಹೇಬರ ಮಕ್ಕಳಿಗೆಂದು ತೆರೆದ ಶಾಲೆ ಅದು. ಸಾಹೇಬರು ತಮ್ಮ ಮಕ್ಕಳನ್ನು ಬೆಟ್ಟದ ಮೇಲಿನ ಬೋರ್ಡಿಂಗಿಗೆ ಕಳಿಸಿ ಕೈತೊಳೆದುಕೊಂಡರು. ಖಾಲಿ ಉಳಿದ ಬೆಂಚುಗಳನ್ನು ಇಲ್ಲಿಯ ಮ್ಯಾನೇಜರುಗಳ ಮಕ್ಕಳೂ, ಅವರನ್ನು ಮೆಚ್ಚಿಸಬೇಕಾದ ಸಪ್ಲೈಯರುಗಳ ಮಕ್ಕಳೂ ತುಂಬಿದರು. ರಂಜನಿ ಎರಡನೆಯ ಗುಂಪಿನವಳು.

ಎರಡು ಸಾವಿರದ ಇಸವಿಯ ಬೇಸಿಗೆ. ಚರಿತ್ರೆ ಪಾಠಕ್ಕೆ ಜಯಲಕ್ಷ್ಮೀ ಮಿಸ್ ಬರುತ್ತಿದ್ದರು. ಬೋರ್ಡಿನ ಮೇಲೆ ಅವರು ಸೇಲಂ ಎಂದು ಬರೆದ ಕೂಡಲೇ ತರಗತಿ ಗೊಳ್ಳೆಂದು ನಕ್ಕಿತು. ಈ ಮಕ್ಕಳಿಗೆ ಗೊತ್ತಿದ್ದದ್ದು ತಮಿಳು ಸೀಮೆಯ ಮಾವಿನಹಣ್ಣಿನ ಸೇಲಂ. ಇದು ಆ ಸೇಲಂ ಅಲ್ಲ, ಮುನ್ನೂರು ವರ್ಷದ ಹಿಂದಿನ ಅಮೆರಿಕದ ಒಂದು ಸಣ್ಣ ಊರು ಎಂದು ಮಿಸ್ ಹೇಳಿದರು. ಆ ಊರಲ್ಲಿ ಕೆಲವು ಹುಡುಗಿಯರು ಇದ್ದಕ್ಕಿದ್ದಂತೆ ಮೈ ನಡುಗಿಸಿ ಕಿರುಚತೊಡಗಿದರಂತೆ. ಯಾರು ಮಾಟ ಮಾಡಿದ್ದು ಎಂದು ದೊಡ್ಡವರು ಕೇಳಿದಾಗ ಅವರು ಹೆಸರುಗಳನ್ನು ಹೇಳಿದರಂತೆ. ಹೆಸರು ಬಂದವರ ಮೈಯನ್ನೆಲ್ಲ ತಡಕಿ, ಸೈತಾನನ ಗುರುತು ಇದೆಯೇ ಎಂದು ನೋಡುತ್ತಿದ್ದರಂತೆ. ಕೊನೆಗೆ ಹತ್ತೊಂಬತ್ತು ಜನರನ್ನು ನೇಣಿಗೆ ಹಾಕಿದರು. ಆ ಹೊತ್ತಿಗೆ ತರಗತಿಯಲ್ಲಿ ಯಾರೂ ನಗುತ್ತಿರಲಿಲ್ಲ.

ಬರೀ ಓದಿಸಿ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಜಯಲಕ್ಷ್ಮೀ ಮಿಸ್‌ಗೆ ಹೊಸ ವಿಧಾನದ ಹುಚ್ಚು. ಚರಿತ್ರೆಯನ್ನು ಓದಬಾರದು, ಬದುಕಬೇಕು ಎನ್ನುತ್ತಿದ್ದರು. ತಿಂಗಳ ಕೊನೆಗೆ ತರಗತಿಯಲ್ಲೇ ಕೋರ್ಟು ಕೂಡಿಸಿ ಆ ವಿಚಾರಣೆ ನಡೆಸುವುದೆಂದು ತೀರ್ಮಾನವಾಯಿತು. ಜಡ್ಜಿಗಳು ಸಿಕ್ಕರು, ದೂರು ಕೊಡುವವರೂ ಸಿಕ್ಕರು. ಮಾಟಗಾತಿ ಯಾರು? ಚೀಟಿ ಎತ್ತೋಣ ಎಂದು ಯಾರೋ ಅಂದಾಗ ಮಿಸ್ ಬೇಡವೆಂದು ತಲೆಯಾಡಿಸಿದರು.

"ಆ ಊರಲ್ಲಿ ಚೀಟಿ ಎತ್ತಲಿಲ್ಲ. ನೀವೇ ಹೇಳಿ."

ಮೌನ ಕೈ ಎತ್ತಿದಳು. ಹೆಸರೇನೋ ಮೌನ, ಬಾಯಿ ಮಾತ್ರ ಒಂದು ನಿಮಿಷ ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಮೈಸೂರಿನ ಹುಡುಗಿ. ಅವಳ ಅಪ್ಪ ಕಾರ್ಖಾನೆಯ ಪರ್ಚೇಸ್ ಮ್ಯಾನೇಜರ್, ಅಂದರೆ ಪರಮೇಶ್ವರಪ್ಪನ ರಬ್ಬರ್ ಬುಷ್ ಕೊಳ್ಳುವ ಮನುಷ್ಯ.

"ಶಿವರಂಜನಿ, ಮಿಸ್," ಎಂದಳು. "ಅವಳು ಕುತ್ತಿಗೆಯಲ್ಲಿ ಏನನ್ನೋ ಬಚ್ಚಿಟ್ಟುಕೊಂಡು ಬರ್ತಾಳೆ. ಬಗ್ಗುವಾಗಲೆಲ್ಲ ಕಾಲರ್ ಹಿಡ್ಕೋತಾಳೆ. ಕೇಳಿದರೆ ಹೇಳಲ್ಲ."

ತರಗತಿಯ ಅಷ್ಟೂ ಕಣ್ಣು ರಂಜನಿಯ ಕಾಲರಿನ ಮೇಲೆ ಬಿದ್ದವು. ಅವಳ ಕೈ ತನ್ನಷ್ಟಕ್ಕೆ ತಾನೇ ಅಲ್ಲಿಗೆ ಹೋಯಿತು. ಅದೇ ತಪ್ಪಾಯಿತು.

ಅವಳ ಕುತ್ತಿಗೆಯಲ್ಲಿದ್ದದ್ದು ಇಷ್ಟಲಿಂಗ. ಪುಟ್ಟ ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರದಲ್ಲಿ ಕಟ್ಟಿ, ಎದೆಯ ಮೇಲೆ ಇಳಿಬಿಟ್ಟದ್ದು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವರು ಅಜ್ಜಿ ಸುಮಿತ್ರಮ್ಮ. ಲಿಂಗ ಮೈ ಬಿಡಬಾರದು, ಭವಿಗಳ ಕಣ್ಣಿಗೆ, ಅಂದರೆ ಲಿಂಗ ಕಟ್ಟದವರ ಕಣ್ಣಿಗೆ, ಬೀಳಬಾರದು ಎಂದು ಅವಳಿಗೆ ಕಲಿಸಿದವರೂ ಅವರೇ. ಬರೀ ಬಾಯಿಮಾತಿನ ಕಲಿಕೆಯಲ್ಲ. ಹಿಂದೊಮ್ಮೆ ಸ್ನಾನದ ಹೊತ್ತಿನಲ್ಲಿ ಅಜ್ಜಿಯ ಶಿವದಾರ ಹರಿದು ಲಿಂಗ ನೆಲಕ್ಕೆ ಬಿತ್ತು. ಊರಿಂದ ಮಠದ ಅಯ್ಯನವರು ರೈಲು ಹತ್ತಿ ಬಂದು ಮತ್ತೆ ಕಟ್ಟುವವರೆಗೆ ಅಜ್ಜಿ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. ಸಕ್ಕರೆ ಕಾಯಿಲೆಯ ದೇಹ. ಎರಡನೆಯ ದಿನ ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು ಮಲಗಿದ್ದ ಅಜ್ಜಿಯನ್ನು ರಂಜನಿ ಇವತ್ತಿಗೂ ಕನಸಿನಲ್ಲಿ ಕಂಡು ಬೆಚ್ಚುತ್ತಾಳೆ.

ಆ ಸಂಜೆ ಅಜ್ಜಿ ಹುರುಳಿ ಆರಿಸುತ್ತ ಕೂತಿದ್ದರು. ರಂಜನಿ ಪಕ್ಕ ಕೂತು ಮೆಲ್ಲಗೆ ಕೇಳಿದಳು.

"ಅಜ್ಜಿ, ಸ್ಕೂಲಲ್ಲಿ ಎಲ್ರೂ ಕೇಳ್ತಾರೆ. ಒಂದ್ಸಲ ತೋರ್ಸಿಬಿಡ್ಲಾ?"

"ತೋರ್ಸಾಕೆ ಅದೇನು ಒಡವೆ ಏನವ್ವಾ? ನಿನ್ನ ಜೀವ ಅದು."

"ಬಾಯಲ್ಲಿ ಹೇಳಿದ್ರೆ?"

"ಹೇಳಿದ್ರೆ ನೋಡ್ಬೇಕು ಅಂತಾರೆ. ನೋಡಿದ್ ಮ್ಯಾಗೆ ಮುಟ್ಬೇಕು ಅಂತಾರೆ. ಸುಮ್ಕಿರು, ಅವ್ರೇ ಮರೀತಾರೆ." ಅಜ್ಜಿ ಮೊರ ಕೊಡವಿ, ಮೊಮ್ಮಗಳ ಮುಖ ನೋಡಿದರು. "ನಿಂದು ಮೈ ಬಿಟ್ಟು ಹೋತು ಅಂದ್ರೆ ನಾನೂ ನೀರು ಮುಟ್ಟಲ್ಲ, ತಿಳ್ಕಾ."

ಅಜ್ಜಿಯ ಪ್ರೀತಿ ಇದ್ದದ್ದೇ ಹೀಗೆ, ಹೆದರಿಕೆಯ ಗಂಟು ಕಟ್ಟಿ ಕೈಗೆ ಕೊಡುವುದು. ಆದರೆ ಅವರ ಲೆಕ್ಕ ತಪ್ಪಿತ್ತು. ಮೊದಲ ದಿನವೇ ಇದು ಲಿಂಗ ಎಂದು ಎರಡಕ್ಷರ ಹೇಳಿದ್ದರೆ, ಓಹೋ ಎಂದು ಸುಮ್ಮನಾಗುತ್ತಿದ್ದ ತರಗತಿ ಅದು. ಶಿಲುಬೆ ಹಾಕಿಕೊಂಡವರಿದ್ದರು, ತಾಯತ ಕಟ್ಟಿಕೊಂಡವರಿದ್ದರು. ಯಾರ ಕುತ್ತಿಗೆಯಲ್ಲೇನಿದೆ ಎಂದು ಯಾರೂ ಕೇಳಿರಲಿಲ್ಲ. ಮರೆಸಿಟ್ಟದ್ದು ಮಾತ್ರ ದಿನದಿನಕ್ಕೆ ಬೆಳೆಯಿತು.

ಪುಸ್ತಕದಲ್ಲಿದ್ದದ್ದು ವಿಚ್ ಎಂಬ ಇಂಗ್ಲಿಷ್ ಮಾತು. ಅದಕ್ಕೆ ಯಾರು ಹೆದರುತ್ತಾರೆ? ಎರಡನೇ ವಾರ ಊಟದ ಹೊತ್ತಿನಲ್ಲಿ ಯಾರೋ ತಮಿಳಿನಲ್ಲಿ ಸೂನಿಯಂ ಅಂದರು. ಅದು ಮಾಟಕ್ಕೆ ಮನೆಮನೆಯಲ್ಲೂ ಹೇಳುವ ಮಾತು. ಅಜ್ಜಿಯರು ಸ್ವರ ತಗ್ಗಿಸಿ ಆಡುವ ಮಾತು. ಅಲ್ಲಿಂದ ಆಟದ ಬಣ್ಣ ಬದಲಾಯಿತು. ಮೌನಳ ಕಾಲು ವಾಲಿಬಾಲ್ ಆಡುವಾಗ ಉಳುಕಿತು. ಆಗ ರಂಜನಿ ಕಾಲರ್ ಹಿಡಿದು ನಿಂತಿದ್ದಳು ಎಂದು ಒಬ್ಬಳು ಹೇಳಿದಳು, ಇನ್ನಿಬ್ಬರು ಹೌದೆಂದರು. ಬಿಸಿಲಲ್ಲಿ ಪ್ರಾರ್ಥನೆಗೆ ನಿಂತ ಹುಡುಗಿಯೊಬ್ಬಳು ತಲೆಸುತ್ತಿ ಬಿದ್ದಳು. ಎಚ್ಚರವಾದ ಮೇಲೆ ಅವಳು ಮೊದಲು ಹುಡುಕಿದ್ದು ರಂಜನಿ ಎಲ್ಲಿ ನಿಂತಿದ್ದಾಳೆ ಎಂದು. ಮಧ್ಯಾಹ್ನ ರಂಜನಿ ಬುತ್ತಿ ಬಿಚ್ಚಿದರೆ ಸುತ್ತಲಿನ ಡಬ್ಬಿಗಳು ಸದ್ದಿಲ್ಲದೆ ದೂರ ಸರಿಯುತ್ತಿದ್ದವು.

ಸರಿಯದೆ ಉಳಿದದ್ದು ಒಂದೇ ಡಬ್ಬಿ, ಪಾವನಾಳದು. ಮಂಡ್ಯದ ಕಡೆಯವಳು, ಅವಳ ಅಪ್ಪ ಅದೇ ಶಾಲೆಯಲ್ಲಿ ಗುಮಾಸ್ತ. ಇಬ್ಬರೂ ದಿನಾ ಕೋಡಂಬಾಕ್ಕಂನಿಂದ ತಾಂಬರಂಗೆ ಒಂದೇ ಎಲೆಕ್ಟ್ರಿಕ್ ಟ್ರೇನಿನಲ್ಲಿ ಬರುತ್ತಿದ್ದರು. ರಂಜನಿಯ ಕುತ್ತಿಗೆಯಲ್ಲೇನಿದೆ ಎಂದು ಪಾವನಾ ಒಂದು ದಿನವೂ ಕೇಳಿರಲಿಲ್ಲ. ಅವಳಿಗೆ ಗೊತ್ತಿತ್ತು, ಅದಕ್ಕೇ ಕೇಳಿರಲಿಲ್ಲ.

"ಮಿಸ್‌ಗೆ ಹೇಳು," ಎಂದಳು ಪಾವನಾ. ರಂಜನಿ ಸ್ಟಾಫ್ ರೂಮಿಗೆ ಹೋಗಿ, ತನಗೆ ಈ ಪಾತ್ರ ಬೇಡ, ಹೆದರಿಕೆಯಾಗುತ್ತದೆ ಎಂದಳು. ಜಯಲಕ್ಷ್ಮೀ ಮಿಸ್ ಅವಳ ಭುಜ ತಟ್ಟಿ, "ವೆರಿ ಗುಡ್, ಆ ಹೆದರಿಕೆಯನ್ನೇ ಕೋರ್ಟಿಗೆ ತಗೊಂಡು ಬಾ" ಎಂದರು. ಅಪ್ಪನಿಗೆ ಹೇಳುವಂತಿರಲಿಲ್ಲ. ಮೌನಳ ಅಪ್ಪನ ಎದುರು ಕೂರಲು ಸಹ ಹಿಂಜರಿಯುವ ಮನುಷ್ಯ, ಮಗಳ ಪರವಾಗಿ ಏನು ಹೇಳಿಯಾರು?

ಶನಿವಾರ ಪಾವನಾ ಅವಳನ್ನು ಎಗ್ಮೋರಿನ ದೊಡ್ಡ ಲೈಬ್ರರಿಗೆ ಕರೆದುಕೊಂಡು ಹೋದಳು. ಆ ಹಳೆಯ ಸೇಲಂ ಬಗ್ಗೆ ದಪ್ಪನೆಯ ಪುಸ್ತಕವೊಂದು ಸಿಕ್ಕಿತು. ಪಾವನಾ ಬೆರಳಿಟ್ಟು ಓದುತ್ತ ಹೋದಳು. ನೇಣಿಗೆ ಹೋದವರೆಲ್ಲ ನಾವು ಮಾಟ ಮಾಡಿಲ್ಲ ಎಂದು ಕೊನೆಯವರೆಗೂ ಹಟ ಹಿಡಿದವರು. ಮಾಡಿದ್ದೇವೆ ಎಂದು ಸುಳ್ಳೇ ಒಪ್ಪಿಕೊಂಡವರನ್ನು ನೇಣಿಗೆ ಹಾಕಲಿಲ್ಲ.

"ನೋಡು, ಮೈ ತಡಕೋಕ್ ಮುಂಚೆನೇ ಒಪ್ಕೊಂಡ್ಬಿಡು," ಎಂದಳು ಪಾವನಾ. "ಆಟ ತಾನೆ. ಒಪ್ಕೊಂಡ್ರೆ ಮುಗೀತು. ಕುತ್ತಿಗೆಗೆ ಯಾರೂ ಕೈ ಹಾಕಲ್ಲ."

ವಾರಗಟ್ಟಲೆ ಎದೆಯ ಮೇಲೆ ಕೂತಿದ್ದ ಭಾರ ರಂಜನಿಗೆ ಇಳಿದಂತಾಯಿತು. ಟ್ರೇನಿನಲ್ಲಿ ಪಾವನಾಳ ಕೈ ಹಿಡಿದುಕೊಂಡೇ ಕೂತಿದ್ದಳು. ಇವಳಿಲ್ಲದಿದ್ದರೆ ನಾನೇನಾಗುತ್ತಿದ್ದೆ ಎಂದು ನಿಜಕ್ಕೂ ಅನ್ನಿಸಿತು.

ವಿಚಾರಣೆಯ ದಿನ ಪರದೆ ಎಳೆದು ತರಗತಿಯನ್ನು ಕತ್ತಲೆ ಮಾಡಿದ್ದರು. ಫ್ಯಾನು ನಿಲ್ಲಿಸಿದ್ದರು; ಆ ಕಾಲದಲ್ಲಿ ಫ್ಯಾನು ಇರಲಿಲ್ಲ ಎಂಬುದು ಮಿಸ್ ಅವರ ವಾದ. ಅವರು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತರು. ಮೂವರು ಹುಡುಗರು ಕಪ್ಪು ಶಾಲು ಹೊದ್ದು ಜಡ್ಜಿಗಳಾಗಿದ್ದರು. ರಂಜನಿಯನ್ನು ನಡುವೆ ಸ್ಟೂಲಿನ ಮೇಲೆ ನಿಲ್ಲಿಸಿದರು. ಉಳುಕಿದ ಕಾಲು, ಬಿಸಿಲಲ್ಲಿ ಬಿದ್ದ ಹುಡುಗಿ, ಯಾರದೋ ಕೆಟ್ಟುಹೋದ ಪರೀಕ್ಷೆ, ಎಲ್ಲವೂ ಒಂದೊಂದಾಗಿ ಬಂದವು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಮೈ ನಡುಗಿಸತೊಡಗಿದಳು. ಪಾತ್ರ ಮಾಡುತ್ತಿದ್ದಾಳೆ ಎಂದು ಒಬ್ಬಿಬ್ಬರು ಕಿಸಕ್ಕೆಂದರು. ಅವಳು ನಿಲ್ಲಿಸಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ನಿಲ್ಲಿಸಬೇಕೆಂದರೂ ಅವಳಿಂದ ಆಗುತ್ತಿಲ್ಲ ಎಂಬುದು ರಂಜನಿಗೆ ಸ್ಟೂಲಿನ ಮೇಲಿಂದ ಚೆನ್ನಾಗಿ ಕಾಣಿಸುತ್ತಿತ್ತು.

"ಗುರುತು ಹುಡುಕಿ," ಎಂದ ನಡುವಿನ ಜಡ್ಜಿ. ಅವನ ಸ್ವರ ಬೇರೆಯೇ ಆಗಿತ್ತು.

ಒಪ್ಪಿಕೊಳ್ಳಬೇಕೆಂದು ರಂಜನಿ ಬಾಯಿ ತೆರೆಯುವಷ್ಟರಲ್ಲಿ ಇಬ್ಬರು ಅವಳನ್ನು ಸ್ಟೂಲಿನಿಂದ ಇಳಿಸಿ ತೋಳು ಹಿಡಿದರು. ಮೌನ ಎದುರು ಬಂದು ಕಾಲರಿನೊಳಗೆ ಬೆರಳು ಹಾಕಿ ಶಿವದಾರವನ್ನು ಎಳೆದಳು. ಹಿಂದಿನ ಬೆಂಚಿನಿಂದ ಮಿಸ್ "ನಿಧಾನ, ನಿಧಾನ" ಎಂದರು. ನಿಲ್ಲಿಸಿ ಎನ್ನಲಿಲ್ಲ.

"ಬಿಡೇ ಮೌನ, ಬೇಡ," ಎಂದಳು ರಂಜನಿ ಕನ್ನಡದಲ್ಲಿ.

ಮೌನ ಕಿವಿಯ ಹತ್ತಿರ ಬಂದು ಕನ್ನಡದಲ್ಲೇ ಪಿಸುಗುಟ್ಟಿದಳು. "ಅದೇನೂಂತ ನಂಗೊತ್ತು ಕಣೆ. ನಮ್ಮ ಮೈಸೂರು ಮನೆ ಪಕ್ಕದಲ್ಲೂ ನಿಮ್ಮೋರೇ ಇದ್ರು. ಇವ್ರಿಗೆ ಗೊತ್ತಿಲ್ವಲ್ಲ."

ದಾರ ಕುತ್ತಿಗೆಯ ಹಿಂದೆ ಬಿಗಿಯಾಯಿತು. ನೀರು ಮುಟ್ಟದೆ ಮಲಗಿದ ಅಜ್ಜಿ ಕಣ್ಣ ಮುಂದೆ ಬಂದರು.

"ಹೌದು, ನಾನೇ," ಎಂದಳು ರಂಜನಿ. "ಎಲ್ಲಾ ನಾನೇ ಮಾಡಿದ್ದು."

ಹಿಡಿದ ಕೈಗಳು ಬಿಟ್ಟವು. ಮೌನ ದಾರ ಬಿಟ್ಟು ಎರಡು ಹೆಜ್ಜೆ ಹಿಂದೆ ಹೋದಳು. ಅವಳ ಮುಖದಲ್ಲೂ ಒಂದು ಗಳಿಗೆ ಭಯ ಸುಳಿಯಿತು. ನಡುಗುತ್ತಿದ್ದ ಹುಡುಗಿಯ ನಡುಕವೂ ನಿಂತಿತು. ಅದನ್ನು ಕಂಡು ಎಲ್ಲರಿಗೂ ಇನ್ನಷ್ಟು ಖಾತ್ರಿಯಾಯಿತು. ಕರಡಿಗೆ ಎದೆಯ ಮೇಲೆ ಹಾಗೆಯೇ ಇತ್ತು. ಬದುಕಿಕೊಂಡೆ ಎಂದುಕೊಂಡಳು ರಂಜನಿ.

ಜಯಲಕ್ಷ್ಮೀ ಮಿಸ್ ಎದ್ದು ನಿಂತರು. ಅವರ ಕಣ್ಣು ಹೊಳೆಯುತ್ತಿತ್ತು.

"ಒಪ್ಪಿಕೊಂಡವರನ್ನು ಸೇಲಂನವರು ಸುಮ್ಮನೆ ಬಿಟ್ಟರೆ? ಇಲ್ಲ. ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಜಡ್ಜ್, ಕೇಳಿ."

ನಡುವಿನ ಜಡ್ಜಿ ಕಾಗದ ನೋಡಿ ಓದಿದ. "ನಿನ್ನ ಜೊತೆಗೆ ಯಾರಿದ್ದರು? ಹೆಸರು ಹೇಳಿದರೆ ಬಿಡುತ್ತೇವೆ. ಇಲ್ಲದಿದ್ದರೆ ಗುರುತು ಹುಡುಕುತ್ತೇವೆ."

ಇದು ಲೈಬ್ರರಿಯಲ್ಲಿ ಅವರು ಓದದೆ ಬಿಟ್ಟ ಭಾಗ. ರಂಜನಿ ಸುತ್ತ ನೋಡಿದಳು. ಮೌನಳ ಹೆಸರು ನಾಲಿಗೆಯ ತುದಿಯಲ್ಲಿತ್ತು. ಆದರೆ ಮೌನ ಸುಧಾರಿಸಿಕೊಂಡು ಮತ್ತೆ ಎದುರಿಗೇ ಬಂದು ನಿಂತಿದ್ದಳು, ಕೈ ಕಾಲರಿನ ಹತ್ತಿರವೇ ಇತ್ತು, ಅವಳ ಹಿಂದೆ ಇಡೀ ತರಗತಿಯಿತ್ತು. ಅವಳ ಹೆಸರು ಹೇಳಿದರೆ ಯಾರು ನಂಬುತ್ತಾರೆ? ನಂಬುವಂಥ ಹೆಸರು ಬೇಕಿತ್ತು. ತನ್ನ ಜೊತೆ ಕೂತವಳ, ತನ್ನ ಜೊತೆ ಉಂಡವಳ ಹೆಸರು.

"ಪಾವನಾ," ಎಂದಳು.

ಹೇಳಿದ ಮೇಲೆ ಅವಳ ಕಿವಿಗೇ ಅದು ಬೇರೆ ಯಾರೋ ಹೇಳಿದಂತೆ ಕೇಳಿಸಿತು. ಕಿಟಕಿಯ ಪಕ್ಕದ ಬೆಂಚಿನಲ್ಲಿದ್ದ ಪಾವನಾ ಮೊದಲು ನಕ್ಕಳು, ಆಟವೆಂದುಕೊಂಡು. ಆಮೇಲೆ ಅವಳ ಪಕ್ಕದವರು ಬೆಂಚು ಎಳೆದುಕೊಂಡು ದೂರ ಸರಿದರು. ಎಲ್ಲ ತಲೆಗಳೂ ಅತ್ತ ತಿರುಗಿದವು. ಪಾವನಾಳ ನಗು ಮುಖದ ಮೇಲೆಯೇ ಉಳಿದು, ಏನು ಮಾಡುವುದೆಂದು ತಿಳಿಯದೆ ನಿಧಾನವಾಗಿ ಕರಗಿತು. ಅವಳು ಯಾರ ಕಡೆಯೂ ನೋಡಲಿಲ್ಲ, ರಂಜನಿಯನ್ನೇ ನೋಡುತ್ತಿದ್ದಳು. ಅವಳ ಜೊತೆ ನಾಳೆಯೂ ಅದೇ ಟ್ರೇನು ಹತ್ತಬೇಕು ಎಂಬುದು ಆ ಹೊತ್ತಿನಲ್ಲಿ ರಂಜನಿಗೆ ನೆನಪಾಗಲಿಲ್ಲ. ನಾಚಿಕೆಯ ಮಾತೆಂದರೆ, ಅವಳಿಗೆ ಆದದ್ದು ಸಮಾಧಾನ. ಇಷ್ಟು ವಾರಗಳ ಮೇಲೆ ಮೊದಲ ಸಲ ತರಗತಿಯಲ್ಲಿ ಒಬ್ಬರೂ ತನ್ನ ಕುತ್ತಿಗೆ ನೋಡುತ್ತಿರಲಿಲ್ಲ.

"ಅವಳನ್ನು ಕರೆತನ್ನಿ," ಎಂದ ಜಡ್ಜಿ. ಇಬ್ಬರು ಕಿಟಕಿಯ ಕಡೆ ನಡೆದರು.

ಮೌನ ತನ್ನ ಬೆಂಚಿಗೆ ಹೋಗಿ ಕೂತು, ಸ್ವಲ್ಪ ಸರಿದು ಜಾಗ ಮಾಡಿದಳು. "ಬಾರೆ, ಇಲ್ಲಿ ಕೂತ್ಕೊ," ಎಂದಳು.

ರಂಜನಿ ಹೋಗಿ ಕೂತಳು.