ಫೋನ್ ಮಾಡಿದರೆ ಬರುವ ನೀರು

ಪಾತ್ರೆಗಳಿಗೆಲ್ಲ ಸೋಪು ಹಚ್ಚಿ ಮುಗಿಸುವುದಕ್ಕೂ ನಲ್ಲಿ ಗೊರಗೊರ ಎಂದು ನಿಲ್ಲುವುದಕ್ಕೂ ಸರಿಹೋಯಿತು. ಮಗಳಿಗೆ ಒಂದು ಜಡೆ ಹೆಣೆದಾಗಿತ್ತು, ಇನ್ನೊಂದು ಬಾಕಿ. ನನ್ನ ಕೈ ತುಂಬ ನೊರೆ.

“ರೀ, ನೀರು ನಿಂತುಹೋಯ್ತು!”

ನನ್ನ ಗಂಡನದು ಸೈಕಲ್ ರಿಪೇರಿ ಅಂಗಡಿ. ನಮ್ಮ ವಾರ್ಡಿನ ಮೆಂಬರು ಇವರಿಗೆ ಹಳೇ ಪರಿಚಯ. ಇವರು ಫೋನ್ ಮಾಡಿ ಎರಡು ಮಾತಾಡಿದರು. ಒಲೆ ಮೇಲಿನ ಹಾಲು ಉಕ್ಕುವಷ್ಟರಲ್ಲಿ ನಲ್ಲಿಯಲ್ಲಿ ಮತ್ತೆ ನೀರು ಬಂತು.

“ನೋಡಿದ್ಯಾ? ಮೆಂಬರು ಅಂದ್ರೆ ಹೀಗಿರ್ಬೇಕು! ಭಾನುವಾರದ ಸಭೇಲಿ ನೂರಕ್ಕೆ ನೂರು ಕೊಡ್ತೀನಿ.”

ನಮ್ಮ ಪುರಸಭೆಯ ಆಡಳಿತ ಹೇಗಿದೆ ಎಂದು ಜನರನ್ನೇ ಕೇಳಲು ಭಾನುವಾರ ಹೊರಗಿನಿಂದ ಒಂದು ತಂಡ ಬರುವುದಿತ್ತು.

“ಅಪ್ಪಾ, ಹಾಗಾದ್ರೆ...” ಎಂದಳು ಮಗಳು.

“ಮೊದ್ಲು ತಿಂಡಿ ತಿನ್ನು ಪುಟ್ಟಿ, ಸ್ಕೂಲಿಗೆ ಹೊತ್ತಾಯ್ತು.”

ಅಷ್ಟರಲ್ಲಿ ಕೆಳಗಿನ ಬೀದಿಯ ಬಟ್ಟೆ ಒಗೆಯುವ ಅಕ್ಕ ಬಕೆಟ್ ಹಿಡಿದು ಬಾಗಿಲಿಗೆ ಬಂದರು.

“ತಂಗೀ, ಸ್ವಲ್ಪ ನೀರು ಕೊಡ್ತೀಯಾ? ಲಾಡ್ಜಿನ ಬೆಡ್‌ಶೀಟಿಗೆಲ್ಲ ಸೋಪು ಹಚ್ಚಿ ಕೂತಿದ್ದೆ, ಈಗ ತಾನೇ ನಮ್ಮ ನಲ್ಲಿ ನಿಂತೋಯ್ತು. ಸಂಜೆಗೆ ಒಣಗಿಸಿ ಕೊಡದೇ ಇದ್ರೆ ಬೇರೆಯವರಿಗೆ ಕೊಡ್ತೀವಿ ಅಂದಿದ್ದಾರೆ. ಮನೆ ನಡೆಯೋದೇ ಅದರಿಂದ.”

“ಬಟ್ಟೇನೇ ಇಲ್ಲಿಗೆ ತನ್ನಿ ಅಕ್ಕಾ,” ಎಂದೆ.

ಅವರ ಹಿಂದೆಯೇ ನನ್ನ ನಾದಿನಿ ಬಂದಳು. ಆಸ್ಪತ್ರೆಯಲ್ಲಿ ನರ್ಸ್, ವಾರ್ಡ್ ಸಮಿತಿಯಲ್ಲೂ ಇದ್ದಾಳೆ. ಪಾಳಿ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ಶುರುಮಾಡಿದಳು.

“ಅಣ್ಣಾ, ಫೋನ್ ಮಾಡಿದ್ದು ನೀನೇನಾ? ಬರ್ತಾ ನೋಡ್ದೆ. ನೀರು ಬಿಡೋನು ಕೆಳಗಿನ ಬೀದಿ ವಾಲ್ವ್ ಮುಚ್ಚಿ ನಿಮ್ಮದು ತೆಗೀತಿದ್ದ. ಯಾಕಪ್ಪಾ ಅಂದ್ರೆ, ‘ಮೇಲಿಂದ ಫೋನ್ ಬಂತು’ ಅಂದ.”

ಇವರ ಮುಖ ಸಣ್ಣಗಾಯಿತು. “ಅವರ ನೀರು ಕಿತ್ಕೊಡಿ ಅಂತ ನಾನು ಹೇಳಿದ್ನಾ?”

“ನೀನು ಹೇಳ್ಲಿಲ್ಲ. ಯಾರೂ ಹೇಳೋದೇ ಬೇಡ, ತಾನಾಗೇ ಆಗುತ್ತೆ. ತೊಂದರೆ ಇರೋದೇ ಅಲ್ಲಿ.”

“ಆದ್ರೂ ಮೆಂಬರು ಒಳ್ಳೇ ಮನುಷ್ಯ ಕಣೇ. ಕರೆದ್ರೆ ಬರ್ತಾರೆ.”

“ಒಳ್ಳೇವರಲ್ಲ ಅಂದೋರ್ಯಾರು? ನೀನೇನು ಅವರ ಮನೆಗೆ ಹೆಣ್ಣು ಕೊಡ್ತಿದ್ದೀಯಾ, ಗುಣ ವಿಚಾರಿಸೋಕೆ? ಭಾನುವಾರ ತಂಡದವರು ಕೇಳೋಕೆ ಬರೋದು ಆಡಳಿತ ಹೇಗಿದೆ ಅಂತ.”

“ಎರಡೂ ಒಂದೇ ಅಲ್ವಾ?” ಎಂದು ನಾನೇ ಕೇಳಿದೆ.

“ಅಲ್ಲ ಅತ್ತಿಗೆ. ಆಡಳಿತ ನೆಟ್ಟಗಿದ್ರೆ ಅಣ್ಣ ಫೋನೇ ಮಾಡ್ಬೇಕಿರ್ಲಿಲ್ಲ. ಯಾವ ಬೀದಿಗೆ ಯಾವಾಗ ನೀರು ಅಂತ ಬೀದಿಯಲ್ಲೇ ಬೋರ್ಡ್ ಇರೋದು. ಸರದಿ ಬದಲಾಯಿಸೋದಿದ್ರೆ ಸಭೇಲಿ ಎಲ್ಲರ ಎದುರಿಗೆ ಬದಲಾಯಿಸೋರು, ಫೋನಲ್ಲಲ್ಲ. ಹೊಸ ಪೈಪಿಗೆ ಅಂತ ತೆಗೆದಿಟ್ಟ ದುಡ್ಡು ಪೈಪಿಗೇ ಹೋಯ್ತಾ ಅಂತ ಯಾರು ಬೇಕಾದ್ರೂ ನೋಡ್ಬಹುದಿತ್ತು. ದೂರು ಕೊಟ್ರೆ ಅಣ್ಣನಿಗೂ ಈ ಅಕ್ಕನಿಗೂ ಒಂದೇ ಉತ್ತರ ಸಿಗ್ಬೇಕು.”

“ಅತ್ತೇ, ಮತ್ತೆ...” ಮಗಳು ಮತ್ತೆ ಬಾಯಿ ತೆರೆದಳು. ಹೊರಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯಿತು. ಒಂದೇ ಜಡೆಯಲ್ಲಿ ಓಡಿದಳು.

ಅವತ್ತು ಬೆಡ್‌ಶೀಟುಗಳು ನಮ್ಮ ತಾರಸಿಯ ಮೇಲೆ ಒಣಗಿದವು, ಅಕ್ಕನ ಕೆಲಸ ಉಳಿಯಿತು. ಆದರೆ ದಿನವೂ ನಮ್ಮ ತಾರಸಿ ಅದನ್ನು ಉಳಿಸೀತೇ? ಊಟವಾದ ಮೇಲೆ ಇವರು ಕೈ ತೊಳೆದು ನಲ್ಲಿಯನ್ನು ಎರಡೆರಡು ಸಲ ಬಿಗಿಯಾಗಿ ತಿರುಗಿಸಿದರು.

ಭಾನುವಾರದ ಸಭೆ ಶಾಲೆಯ ಹಾಲ್‌ನಲ್ಲಿ. ಮೆಂಬರು ಮುಂದಿನ ಸಾಲಿನಲ್ಲಿ ನಗುತ್ತ ಕೂತಿದ್ದರು. ಒಬ್ಬರಾದ ಮೇಲೊಬ್ಬರು ಎದ್ದರು. “ಮೆಂಬರು ತುಂಬ ಒಳ್ಳೇವರು.” “ನಮ್ಮ ತಾಯಿ ತೀರ್ಕೊಂಡಾಗ ಮೊದಲು ಬಂದೋರು ಅವರೇ.” ತಂಡದಿಂದ ಬಂದಿದ್ದ ಮೇಡಂ ಕೇಳಿದರು: “ಒಳ್ಳೆಯವರು ಅಂತ ಗೊತ್ತಾಯ್ತು. ಕೆಲಸ ಹೇಗೆ ನಡೆಯುತ್ತೆ, ಅದನ್ನ ಯಾರಾದರೂ ಹೇಳ್ತೀರಾ?”

ಎದ್ದು ನಿಂತಿದ್ದವರೂ ಕೂತುಬಿಟ್ಟರು. ಹಿಂದಿನ ಬೆಂಚಿನಲ್ಲಿ ಬಟ್ಟೆ ಒಗೆಯುವ ಅಕ್ಕ ತಲೆ ತಗ್ಗಿಸಿದ್ದರು. ಮೆಂಬರರ ಎದುರು ಅವರಿಗೆ ಮಾತು ಹೊರಡುವುದು ಹೇಗೆ?

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮಲ್ಲೂ ಇಂಥ ಸಭೆ ಕರೆದರೆ ತಪ್ಪದೆ ಹೋಗಿ. ಒಳ್ಳೆಯವರು ಎಂದಷ್ಟೇ ಹೇಳಿ ಕೂರಬೇಡಿ. ತೀರ್ಮಾನ ಎಲ್ಲಿ ಆಯಿತು, ನಮಗೆ ಮೊದಲೇ ಯಾಕೆ ತಿಳಿಸಲಿಲ್ಲ, ಖರ್ಚಾದ ಹಣದ ಲೆಕ್ಕ ಎಲ್ಲಿ ನೋಡಬಹುದು ಎಂದು ಕೇಳಿ. ಕೇಳಿದರೆ ಜಗಳವಾಡಿದಂತಲ್ಲ. ನಿಮಗೆ ಕೇಳಲಾಗದಿದ್ದರೆ, ಕೇಳಬಲ್ಲವರ ಕೈಗೆ ಮೈಕ್ ಕೊಡಿ.

ನಮ್ಮವರು ಮಾಡಿದ್ದೂ ಅದನ್ನೇ. ನೂರಕ್ಕೆ ನೂರು ಕೊಡಲು ಹೊರಟಿದ್ದವರು ಮೈಕ್ ಹಿಡಿದು ಎದ್ದರು, ಮೆಂಬರರ ಮುಖ ನೋಡಿ ಕಣ್ಣು ಕೆಳಗಿಳಿಸಿದರು. ಪಕ್ಕದಲ್ಲಿ ಮಗಳು ಅಂಗಿ ಜಗ್ಗುತ್ತಿದ್ದಳು. “ಕೇಳಮ್ಮ ಪುಟ್ಟಿ, ಆವತ್ತಿಂದ ಕೇಳ್ಬೇಕು ಅಂತಿದ್ಯಲ್ಲ,” ಎಂದು ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ಇಳಿಸಿದರು.

“ನಮ್ಮಪ್ಪನ ಹತ್ರ ಮೆಂಬರ್ ಮಾಮನ ನಂಬರ್ ಇದೆ,” ಎಂದಳು ಅವಳು. “ನಂಬರ್ ಇಲ್ಲದೋರಿಗೆ ನೀರು ಯಾರು ಬಿಡ್ತಾರೆ?”